ಜೊತೆಗೆ ಹೇಳಿದ ಮಗ್ಗಿ

ಜೂನ್ ಬಂತೆಂದರೆ ನಮ್ಮ ಕಡೆ ದಾನಿಗಳಿಗೆ ಹುರುಪು ಹೆಚ್ಚುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಎಲ್ಲ ಕಡೆಯಿಂದಲೂ ಸಂಘದವರು ಬ್ಯಾಗು, ನೋಟ್‌ಬುಕ್ಕು ಹೊತ್ತು ಸರ್ಕಾರಿ ಶಾಲೆಗಳಿಗೆ ಬರುತ್ತಾರೆ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಮೊದಲೇ ಕೇಳುವವರು ಕಡಿಮೆ. ಬಸರೀಕಟ್ಟೆಯಿಂದ ಒಳಗೆ ನನ್ನ ಅಕ್ಕ ಟೀಚರಾಗಿರುವ ಶಾಲೆಯಲ್ಲಿ ಉಳಿದಿದ್ದವಳು ಒಬ್ಬಳೇ ಹುಡುಗಿ, ಎಸ್ಟೇಟಿನ ಜೀಪು ಓಡಿಸುವವನ ಮಗಳು. ಬೀರುವಿನಲ್ಲಿ ಮಾತ್ರ ಇಡೀ ತರಗತಿಗಾಗುವಷ್ಟು ಸಾಮಾನು.

ಕೊಪ್ಪದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಅಲ್ಲಿ ನಾನು ಮಾಡಿದ, ಮಳೆಗಾಲದಲ್ಲೂ ಅಡಿಕೆ ಒಣಗಿಸುವ ಡ್ರೈಯರ್ ಯಾರದೋ ಕಣ್ಣಿಗೆ ಬಿದ್ದು, ಕೆನ್ಯಾದ ಒಂದು ಇನ್ನೋವೇಶನ್ ಕಾನ್ಫರೆನ್ಸಿಗೆ ಕರೆ ಬಂತು. ಬರುವವರು ಅಲ್ಲಿನ ಶಾಲೆಯ ಮಕ್ಕಳಿಗೆ ಕೈಲಾದದ್ದು ತರಬಹುದು ಎಂದೂ ತಿಳಿಸಿದ್ದರು. ಅಕ್ಕ, ಕೊಟ್ಟವರನ್ನೇ ಕೇಳಿ ಒಪ್ಪಿಸಿ, ಬೀರು ಖಾಲಿ ಮಾಡಿದಳು.

ಆದರೆ ಅವಳ ಚಿಂತೆ ಬೇರೆಯೇ ಇತ್ತು. ಮುಂದಿನ ವರ್ಷ ಆ ಹುಡುಗಿ ಕೊಪ್ಪದ ದೊಡ್ಡ ಶಾಲೆಗೆ ಸೇರಬೇಕು. ಅಭ್ಯಾಸವಾಗಲಿ ಎಂದು ಒಮ್ಮೆ ಅಲ್ಲಿ ಕೂರಿಸಿ ಬಂದರೆ, ಸಂಜೆಯ ತನಕ ಬಾಯಿ ಬಿಟ್ಟಿರಲಿಲ್ಲ. ಇನ್ನು ಅಲ್ಲಿಗೆ ಹೋಗುವುದೇ ಇಲ್ಲ ಎಂದು ಹಟ ಹಿಡಿದಿದ್ದಳು.

"ಬುದ್ಧಿಗೆ ಎಂತದೂ ಕಡಿಮೆ ಇಲ್ಲ ಮಾರಾಯ," ಅಂದಳು ಅಕ್ಕ. "ನಾಲ್ಕು ಜನರ ಜೊತೆ ಕೂತು ಗೊತ್ತಿಲ್ಲ ಅದಕ್ಕೆ. ಶಾಲೆನೇ ಬಿಟ್ಟುಬಿಡ್ತದೇನೋ ಅಂತ ಹೆದರಿಕೆ ನಂಗೆ."

ನಮ್ಮ ಶಾಲೆಗಳಲ್ಲಿ ಸಂಜೆ ಮಗ್ಗಿ ಹೇಳುವ ಕ್ರಮವಿದೆ. ಒಬ್ಬರು ಹೇಳಿಕೊಡಬೇಕು, ಉಳಿದವರೆಲ್ಲ ಒಟ್ಟಿಗೆ ಹೇಳಬೇಕು. ಇಲ್ಲಿ ದಿನವೂ ಹೇಳಿಕೊಡುವವಳು ಆ ಹುಡುಗಿ. ಉಳಿದವರೆಲ್ಲ ಎಂದರೆ ಅಕ್ಕ. ಮಗ್ಗಿಯ ವಿಷಯದಲ್ಲಿ ಅಕ್ಕ ಬಹಳ ಕಟ್ಟುನಿಟ್ಟು. "ರಾಗ ಎಳೀಬೇಡ" ಎಂಬುದು ಅವಳ ಬಾಯಲ್ಲಿ ಯಾವಾಗಲೂ ಇರುವ ಮಾತು.

ಹೊರಡುವ ಮುನ್ನ, "ಕೆನ್ಯಾದ ಮಕ್ಕಳಿಗೆ ಏನಾದ್ರೂ ಹೇಳು," ಎಂದು ನಾನು ರೆಕಾರ್ಡ್ ಮಾಡಲು ಫೋನ್ ಹಿಡಿದಾಗ ಆ ಹುಡುಗಿ ಕೈಕಟ್ಟಿ ನಿಂತು ಎರಡರ ಮಗ್ಗಿ ಶುರು ಮಾಡಿದಳು. ಒಂದೊಂದು ಸಾಲಿಗೂ ನಿಲ್ಲಿಸಿ, ಉಳಿದವರು ಹೇಳಲಿ ಎಂದು ಕಾದು, ಮುಂದಕ್ಕೆ ಹೋದಳು. ಆ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂಬುದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕಾನ್ಫರೆನ್ಸಿನಲ್ಲಿ ನನಗೆ ಸಿಕ್ಕ ಸಮಯವೆಲ್ಲ ಅಡಿಕೆ ಎಂದರೇನು ಎಂದು ವಿವರಿಸುವುದರಲ್ಲೇ ಮುಗಿಯಿತು. ಮರುದಿನ ಶಾಲೆಗೆ ಕರೆದೊಯ್ದರು. ಒಂದೊಂದು ಬೆಂಚಿನಲ್ಲೂ ಇಕ್ಕಟ್ಟಾಗಿ ಕೂತ ಮಕ್ಕಳು. ನೋಡಿ ನನಗೆ ಹೊಟ್ಟೆಕಿಚ್ಚೇ ಆಯಿತು. ಬ್ಯಾಗು ಹಂಚಿದ ಮೇಲೆ ಅಲ್ಲಿನ ಟೀಚರ್ ಎರಡು ಮಾತಾಡಿ ಎಂದರು. ನಾನು ಫೋನ್ ತೆಗೆದು ದನಿ ಜೋರು ಮಾಡಿ ಮಗ್ಗಿ ಹಾಕಿದೆ.

"ಎರಡೊಂದ್ಲ ಎರಡು." ಆಮೇಲೆ ಅವಳು ಬಿಟ್ಟಿದ್ದ ಬಿಡುವು. ಮಕ್ಕಳು ಮುಖ ಮುಖ ನೋಡಿಕೊಂಡರು. ಇದೆಂಥ ಪೆದ್ದುತನ ಮಾಡಿದೆ ಎಂದು ನಾಚಿಕೆಯಾಯಿತು. ಎರಡನೇ ಬಿಡುವಿನಲ್ಲಿ ಹಿಂದಿನ ಬೆಂಚಿನಿಂದ ಯಾರೋ ತೊದಲಿದರು. ಇನ್ನೆರಡು ಸಾಲು ದಾಟುವಷ್ಟರಲ್ಲಿ ಎಲ್ಲರೂ ಒಟ್ಟಿಗೆ, ಸಾಲಿನ ಕೊನೆಯನ್ನು ಉದ್ದಕ್ಕೆ ಎಳೆದು, ತಮ್ಮದೇ ರಾಗದಲ್ಲಿ ಹೇಳುತ್ತಿದ್ದರು. ಟೀಚರ್ ಅದನ್ನು ತಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿ ನನಗೆ ಕಳಿಸಿದರು.

ಊರಿಗೆ ಬಂದವನೇ ಅಕ್ಕನ ಶಾಲೆಗೆ ಹೋಗಿ ಅದನ್ನು ಕೇಳಿಸಿದೆ. ಹುಡುಗಿ ನಗಲಿಲ್ಲ. ತನ್ನ ದನಿ, ಅದರ ಬೆನ್ನಿಗೆ ಅಷ್ಟೂ ಮಕ್ಕಳ ದನಿ. ಮುಗಿಯುವ ತನಕ ಫೋನನ್ನೇ ನೋಡುತ್ತಿದ್ದಳು.

"ಇನ್ನೊಂದ್ಸಲ ಹಾಕ್ತೀರಾ ಸರ್?"

ಹಾಕಿದೆ. ಫೋನಿನಲ್ಲಿ ಅವಳದೇ ದನಿ ಮಗ್ಗಿ ಹೇಳಿಕೊಡುವಾಗ ಎದುರಿಗಿದ್ದವಳು ಸುಮ್ಮನೆ ನಿಂತಿದ್ದಳು. ಬಿಡುವು ಬಂದಾಗ ಬಾಯಿ ತೆರೆದು ಆ ಮಕ್ಕಳ ಜೊತೆ ಹೇಳಿದಳು. ಪ್ರತಿ ಸಾಲಿಗೂ ಹಾಗೆಯೇ, ದನಿ ಏರಿಸುತ್ತಾ ಹೋದಳು. ಅವರು ರಾಗ ಎಳೆದಲ್ಲೆಲ್ಲ ಇವಳೂ ಎಳೆದಳು.

ಅಕ್ಕ ತಿದ್ದಲಿಲ್ಲ.