ಲವೋನ್ ಕ್ವಾಮ್ ಎತ್ತಿದ ಕೈ

ದಕ್ಷಿಣ ಡಕೋಟದ ಟೋಲ್ನಾ ಬೆಂಡ್ ಎಂಬ ಸಣ್ಣ ಊರಿನಲ್ಲಿ ಲವೋನ್ ಕ್ವಾಮ್‌ಳದು ಹಾರ್ಡ್‌ವೇರ್ ಅಂಗಡಿ. ಅಪ್ಪನಿಂದ ಬಂದದ್ದು. ಮೊಳೆ, ಬೇಲಿತಂತಿ, ಹಿಮ ಎತ್ತುವ ಸಲಿಕೆ ಮಾರುತ್ತಲೇ ಅವಳು ಹದಿನಾಲ್ಕು ವರ್ಷ ರಾಜ್ಯದ ಶಾಸನಸಭೆಯಲ್ಲಿ ಕೂತಳು. ಪ್ರತಿ ಜನವರಿಯಲ್ಲಿ ಅಧಿವೇಶನಕ್ಕೆ ಹೋದಾಗ ರಾಜಧಾನಿಯಲ್ಲಿ ಬಾಡಿಗೆ ಮನೆ. ಜೊತೆಗೆ ಅವಳ ಪಕ್ಷದವಳೇ ಆದ ಶಾಸಕಿ ಮಾರ್ಜೀನ್ ಟಸ್ಲರ್. ಲವೋನ್ ಗಂಡನನ್ನು ಕಳೆದುಕೊಂಡ ವರ್ಷ ಹಟ ಹಿಡಿದು ಅವಳಿಗೆ ಮೂರು ಹೊತ್ತು ಉಣ್ಣಿಸಿದವಳು ಈ ಮಾರ್ಜೀನಳೇ.

ಸಭೆಯಲ್ಲಿ ಲವೋನಳ ಹದಿನಾಲ್ಕನೆಯ ವರ್ಷ, ಮಾರ್ಜೀನ್ ಪಕ್ಷದ ನಾಯಕಿಯಾಗಿದ್ದಳು. ಇಂಧನ ತೆರಿಗೆ ಏರಿಸುವ ಮಸೂದೆಗೆ ಒಂದು ಮತ ಕಡಿಮೆ ಬಿದ್ದಿತ್ತು.

"ನೀನು ಕೈ ಎತ್ತು. ನಿಮ್ಮೂರ ಆಸ್ಪತ್ರೆಯ ಹೆರಿಗೆ ವಾರ್ಡ್ ಮುಚ್ಚದ ಹಾಗೆ ನಾನು ನೋಡ್ಕೋತೀನಿ" ಎಂದಳು.

"ನಮ್ಮ ರೈತರು ನನ್ನ ಸಿಗಿದು ಹಾಕ್ತಾರೆ ಕಣೇ."

"ವಾರ್ಡ್ ಉಳೀತು ಅಂದ್ರೆ ಎಲ್ಲ ಮರೀತಾರೆ. ನನ್ನ ನಂಬು."

ಲವೋನ್ ನಂಬಿದಳು. ಕೈ ಎತ್ತಿದಳು.

ಅಧಿವೇಶನದ ಕೊನೆಯ ದಿನ ಬಜೆಟ್ಟಿನ ಅಂತಿಮ ಪ್ರತಿ ಮೇಜಿಗೆ ಬಂತು. ಎರಡು ಸಲ ಪುಟ ತಿರುವಿದಳು. ಟೋಲ್ನಾ ಬೆಂಡ್ ಎಲ್ಲೂ ಇರಲಿಲ್ಲ. ವಾರ್ಡಿಗೆ ಬರಬೇಕಿದ್ದ ನೆರವು ಮಾರ್ಜೀನಳ ಊರಿನ ಆಸ್ಪತ್ರೆಯ ಪಾಲಾಗಿತ್ತು. ಲವೋನ್ ಮೊಗಸಾಲೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿದಳು.

"ನಿಮ್ಮಲ್ಲಿ ವರ್ಷಕ್ಕೆ ನಲವತ್ತು ಹೆರಿಗೆ. ಆ ಲೆಕ್ಕ ಹಿಡ್ಕೊಂಡು ಯಾರ ಹತ್ರ ವಾದ ಮಾಡ್ಲಿ ಹೇಳು?" ಎಂದಳು ಮಾರ್ಜೀನ್.

"ನಿನ್ನೆ ಒಂದೇ ಮೇಜಲ್ಲಿ ಕೂತು ಸೂಪ್ ಕುಡಿದ್ವಲ್ಲ, ಆಗ್ಲೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಲವೋನ್ ಬಾಡಿಗೆ ಮನೆಗೆ ಹೋಗಿ ತನ್ನ ಬಟ್ಟೆಗಳನ್ನು ತುಂಬಿಕೊಂಡು ನೂರೆಂಬತ್ತು ಮೈಲಿ ಒಬ್ಬಳೇ ಕಾರು ಓಡಿಸಿದಳು.

ಬೇಸಿಗೆಯಲ್ಲಿ ವಾರ್ಡ್ ಮುಚ್ಚಿತು. ಸೆಪ್ಟೆಂಬರಿನಲ್ಲಿ ಊರಿನ ರೈತ ಎಲ್ಡನ್ ರುಸ್ಟನ ಮೊಮ್ಮಗಳು ಎಪ್ಪತ್ತು ಮೈಲಿಯಾಚೆಯ ಆಸ್ಪತ್ರೆಗೆ ಹೋಗುವಾಗ ಹೆದ್ದಾರಿಯ ಬದಿಯಲ್ಲಿ, ಪಿಕಪ್ ಗಾಡಿಯ ಸೀಟಿನ ಮೇಲೆ ಹೆತ್ತಳು. ತಾಯಿ ಮಗು ಬದುಕಿದ್ದೇ ಪುಣ್ಯ. ಮಾರನೆಯ ದಿನ ಎಲ್ಡನ್ ಅಂಗಡಿಗೆ ಬಂದ. ಇಪ್ಪತ್ತು ವರ್ಷದಿಂದ ದಿನಾ ಬಂದು ಹರಟುತ್ತಿದ್ದ ಮುದುಕ ಅಂದು ಬಾಗಿಲಲ್ಲೇ ನಿಂತ.

"ಡೀಸೆಲ್‌ಗೂ ಜಾಸ್ತಿ ಕೊಡಬೇಕು, ಹೆರೋಕೂ ರಸ್ತೆಗೆ ಹೋಗ್ಬೇಕು. ಬಲೇ ಕೆಲಸ ಮಾಡ್ದೆ ಕಣಮ್ಮ."

"ನಂಗೆ ಮಾತು ಕೊಟ್ಟಿದ್ರು, ಎಲ್ಡನ್."

"ನಾವು ಓಟು ಕೊಟ್ಟಿದ್ದು ನಿಂಗೆ. ನಿಂಗೆ ಮಾತು ಕೊಟ್ಟೋರ್ಗಲ್ಲ."

ಚುನಾವಣೆಗೆ ಮುಂಚೆ ಲುಥೆರನ್ ಚರ್ಚಿನ ನೆಲಮಾಳಿಗೆಯಲ್ಲಿ ಊರವರ ಮುಂದೆ ಅವಳು ನಡೆದದ್ದನ್ನೆಲ್ಲ ಬಿಚ್ಚಿ ಹೇಳಿದಳು. "ಅಂದ್ರೆ ನೀನು ಮತ ಮಾರ್ಕೊಂಡೆ, ಆದ್ರೂ ಬರಿಗೈಲಿ ಬಂದೆ" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಕೆಲವರು ನಕ್ಕರು. ಅವಳು ಅರವತ್ತೊಂದು ಮತಗಳಿಂದ ಸೋತಳು.

ಎರಡು ವರ್ಷದ ಮೇಲೆ ಮಾರ್ಜೀನ್ ಅಂಗಡಿಗೆ ಬಂದಳು. ರಾಜ್ಯದ ಮೇಲ್ಮನೆಯಾದ ಸೆನೆಟ್ಟಿಗೆ ನಿಂತಿದ್ದಳು; ಹೊಸದಾಗಿ ಗಡಿ ಎಳೆದ ಅವಳ ಕ್ಷೇತ್ರಕ್ಕೆ ಈಗ ಟೋಲ್ನಾ ಬೆಂಡ್ ಕೂಡ ಸೇರಿತ್ತು.

"ವೇದಿಕೆ ಮೇಲೆ ಹತ್ತು ನಿಮಿಷ ನನ್ನ ಪಕ್ಕ ನಿಲ್ಲು ಸಾಕು. ಈ ಊರಲ್ಲಿ ನಿನ್ನ ಬಿಟ್ರೆ ನಂಗ್ಯಾರಿದಾರೆ ಹೇಳು?"

ಲವೋನ್ ಅವಳ ಮುಖವನ್ನೇ ನೋಡಿದಳು. ಸೋಗೇನೂ ಇರಲಿಲ್ಲ, ಅವಳು ನಿಜಕ್ಕೂ ಹಾಗೆಯೇ ಅಂದುಕೊಂಡಿದ್ದಳು.

"ಏನಾದ್ರೂ ಕೊಳ್ಳೋದಿದ್ರೆ ಕೊಳ್ಳು ಮಾರ್ಜೀನ್. ಇಲ್ದಿದ್ರೆ ಹೊರಡು."

ಮಾರ್ಜೀನ್ ಹೊರಟಳು. ನವೆಂಬರಿನಲ್ಲಿ ಗೆದ್ದಳು, ಟೋಲ್ನಾ ಬೆಂಡಿನಲ್ಲೂ. ಆ ಸುದ್ದಿಯೇನೂ ಲವೋನಳನ್ನು ಅಷ್ಟಾಗಿ ಕಾಡಲಿಲ್ಲ. ಆದರೆ ಜನವರಿ ಬಂದು ಅಧಿವೇಶನ ಶುರುವಾದ ದಿನ ಇಡೀ ಬೆಳಿಗ್ಗೆ ಅವಳಿಗೆ ಮಾರ್ಜೀನಳ ಜೊತೆ ಮಾತಾಡಬೇಕೆನಿಸುತ್ತಿತ್ತು. ಅದಕ್ಕಾಗಿ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.