ಎಂಬತ್ತು ಪಾಯಿಂಟಿನ ವಜ್ರ

2022ರಲ್ಲಿ ನಾನು ಗೋಕಾಕದ ಒಂದು ಆಭರಣದ ಅಂಗಡಿಯಲ್ಲಿ ವಜ್ರ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ದೊಡ್ಡದೇನಲ್ಲ. ಬಂಗಾರದ ಕೌಂಟರುಗಳೆಲ್ಲ ಮುಗಿದ ಮೇಲೆ ಮೂಲೆಯಲ್ಲಿ ಒಂದು ಮೇಜು, ಎರಡು ಬಿಳಿ ದೀಪ, ಒಂದು ಸೂಕ್ಷ್ಮ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಎಂಬ ಕಣ್ಣಿಗೊತ್ತುವ ಮಸೂರ, ಮತ್ತು ನಾನು. ನನ್ನ ಊರು ಮೂಡಲಗಿ ಕಡೆಯದು. ಅಪ್ಪ ಅವ್ವ ಕಬ್ಬು ಕಡಿಯುವ ಕೆಲಸದವರು. ಭೂವಿಜ್ಞಾನದಲ್ಲಿ ಬಿ.ಎಸ್ಸಿ. ಮುಗಿಸಿ, ಮುಂಬೈಯಲ್ಲಿ ರತ್ನಪರೀಕ್ಷೆಯ ಡಿಪ್ಲೊಮಾ ಮಾಡಿದೆ. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಜಂಬ ಇತ್ತು, ಈಗಲೂ ಇದೆ. ಮುಂದೆ ಹೇಳುವ ಪ್ರಕರಣದಲ್ಲಿ ಅದರದ್ದೂ ಒಂದು ಪಾಲಿದೆ.

ಒಂದು ಮಧ್ಯಾಹ್ನ ಹುಕ್ಕೇರಿಯಿಂದ ಇಬ್ಬರು ಬಂದರು. ಒಬ್ಬ ಇಮ್ತಿಯಾಜ್, ಹತ್ತರಗಿಯಲ್ಲಿ ಹೆದ್ದಾರಿಯ ಬದಿಗೆ ಟೈರ್ ಅಂಗಡಿ ಇಟ್ಟಿರುವ ಹುಡುಗ. ಇನ್ನೊಬ್ಬರು ಅವನ ಚಿಕ್ಕಪ್ಪ ದಸ್ತಗೀರ್ ಚಾಚಾ, ಬೆಲ್ಲದ ವ್ಯಾಪಾರಿ. ಮನೆಯ ನಾಲ್ಕು ಮದುವೆಗಳ ಬಂಗಾರವನ್ನು ಖರೀದಿಸಿದವರು ಅವರೇ. ಹೀಗಾಗಿ ಮಾತೂ ಅವರದೇ.

"ಬಾಯಾರ, ಇವನ ಮಂಗಣಿ ಐತ್ರಿ. ಹುಡುಗಿ ಮೂಡಲಗಿಯಾಕಿ. ಆಕಿಗೆ ವಜ್ರದ ಉಂಗುರ ಬೇಕಂತ. ಅದೂ ಗುಂಡಂದು ಬ್ಯಾಡಂತ, ಎಮರಾಲ್ಡ್ ಬೇಕಂತ. ಎಮರಾಲ್ಡ್ ಅಂದ್ರ ಪನ್ನಾ ಅಲ್ಲೇನ್ರಿ? ಹಸರ ಇರಬೇಕಲ್ಲ?"

ಮಂಗಣಿ ಎಂದರೆ ನಿಶ್ಚಿತಾರ್ಥ. ಅವರಲ್ಲಿ ಆ ಉಂಗುರ ಪೂರ್ತಿ ಗಂಡಿನ ಕಡೆಯವರ ಕೆಲಸ. ಹೆಣ್ಣಿನ ಕಡೆಯವರು ಅಳತೆಗೆಂದು ಒಂದು ಹಳೆಯ ಉಂಗುರ ಕಳಿಸಿ ಸುಮ್ಮನಿರುತ್ತಾರೆ. ಈ ಹುಡುಗಿ ನಸ್ರೀನ್ ಹಳೆಯ ಉಂಗುರದ ಜೊತೆ ತನಗೆ ಎಂಥದ್ದು ಬೇಕೆಂಬ ಮಾತನ್ನೂ ಕಳಿಸಿದ್ದಳು. ಚಾಚಾನಿಗೆ ಅರ್ಧ ಸಿಟ್ಟು ಅದಕ್ಕೇ ಬಂದಿತ್ತು.

ನಾನು ವಿವರಿಸಿದೆ. ಎಮರಾಲ್ಡ್ ಕಟ್ ಎಂದರೆ ವಜ್ರವನ್ನು ಆಯತಾಕಾರಕ್ಕೆ ಕೊಯ್ದು, ನಾಲ್ಕು ಮೂಲೆಗಳನ್ನು ಓರೆಯಾಗಿ ಸವರಿ, ಬದಿಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮುಖಗಳನ್ನು ಬಿಡಿಸಿದ ಆಕಾರ. ಗುಂಡು ವಜ್ರ ಚೂರು ಚೂರಾಗಿ ಮಿನುಗುತ್ತದೆ. ಇದು ಹಾಗಲ್ಲ, ಬೆಳಕು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತದೆ. ಮೇಲ್ಮುಖ ಅಂಗಳದಷ್ಟು ಬಯಲು, ಆದ್ದರಿಂದ ಒಳಗಿನ ಕಲೆಯಾಗಲಿ ಬಣ್ಣದ ಛಾಯೆಯಾಗಲಿ ಮುಚ್ಚಿಡಲು ಬರುವುದಿಲ್ಲ. ಇನ್ನೊಂದು ತೊಡಕೂ ಇದೆ. ಗುಂಡು ವಜ್ರದ ಪ್ರಮಾಣಪತ್ರದಲ್ಲಿ ಕಟ್ ಎಷ್ಟು ಚೆನ್ನಾಗಿದೆ ಎಂದು ದರ್ಜೆ ಬರೆದಿರುತ್ತಾರೆ. ಈ ಆಕಾರಕ್ಕೆ ಹೆಚ್ಚಿನ ಪತ್ರಗಳಲ್ಲಿ ಆ ದರ್ಜೆಯೇ ಇರುವುದಿಲ್ಲ. ಯಾರಾದರೂ ಕಣ್ಣಿಟ್ಟು ನೋಡಿಯೇ ಹೇಳಬೇಕು. ನನಗೆ ಪಗಾರ ಕೊಡುತ್ತಿದ್ದದ್ದು ಅದಕ್ಕೇ.

ಚಾಚಾ ಎಲ್ಲವನ್ನೂ ಕೇಳಿ, "ಅದೆಲ್ಲಾ ಇರಲಿ. ಒಂದ ಕ್ಯಾರೆಟ್ಟಿಗೆ ಕಡಿಮಿ ಇರಬಾರದು," ಎಂದರು.

ಸೂರತ್ತಿನ ವ್ಯಾಪಾರಿಯಿಂದ ಐದು ಕಲ್ಲುಗಳನ್ನು ಜಾಂಗಡ್ ಮೇಲೆ ತರಿಸಿದೆ. ನೋಡಿ, ಒಪ್ಪಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಹಿಂದಿರುಗಿಸುವ ಕರಾರಿಗೆ ನಮ್ಮ ವ್ಯವಹಾರದಲ್ಲಿ ಜಾಂಗಡ್ ಎನ್ನುತ್ತಾರೆ. ಎರಡು ಕಲ್ಲುಗಳು ತೀರ ತೆಳುವಾಗಿ ಕೊಯ್ದಂಥವು. ನಡುವೆ ಬೆಳಕು ತಿರುಗಿ ಬಾರದೆ ಕೆಳಗಿನ ಬೆರಳಿನ ಚರ್ಮ ಕಾಣುತ್ತಿತ್ತು. ಅವನ್ನು ಅಂದೇ ಬದಿಗಿಟ್ಟೆ. ಉಳಿದವು ಮೂರು.

ಮೊದಲನೆಯದು 1.03 ಕ್ಯಾರೆಟ್. ಒಂದು ಕ್ಯಾರೆಟ್ ಎಂದರೆ ಗ್ರಾಮಿನ ಐದನೇ ಒಂದು ಪಾಲು. ಅದರ ನೂರನೇ ಒಂದು ಪಾಲಿಗೆ ಪಾಯಿಂಟ್ ಎನ್ನುತ್ತೇವೆ. ಈ ಕಲ್ಲಿನ ಆಳ ಅಗಲದ ಶೇಕಡಾ 76ರಷ್ಟಿತ್ತು, ಅಂದರೆ ತೂಕವೆಲ್ಲ ಹೊಟ್ಟೆಯಲ್ಲಿ. ಎರಡನೆಯದು 92 ಪಾಯಿಂಟ್, ಆಳ ಶೇಕಡಾ 64, ಉದ್ದ ಅಗಲದ 1.42 ಪಟ್ಟು. ತೂಕ ಕಡಿಮೆ, ಆದರೆ ಮೇಲಿನಿಂದ ನೋಡಿದರೆ ಮೊದಲನೆಯದಕ್ಕಿಂತ ದೊಡ್ಡದು: ಅದು 6.43 ಮಿಲಿಮೀಟರ್ ಉದ್ದವಾದರೆ ಇದು 6.85. ಮೂರನೆಯದು 80 ಪಾಯಿಂಟ್, ಉದ್ದ ಅಗಲದ 1.30 ಪಟ್ಟು ಮಾತ್ರ. ಒಳ್ಳೆಯ ಕಲ್ಲಿಗೆ ಅದು 1.40ರಿಂದ 1.50 ಇರಬೇಕೆಂದು ನಾನು ಓದಿದ್ದೆ. ಆದ್ದರಿಂದ ಅದರ ಕಾಗದದ ಪುಡಿಕೆಯನ್ನು ಒಮ್ಮೆ ಬಿಚ್ಚಿ, ಮಡಿಸಿ, ಇಟ್ಟುಬಿಟ್ಟೆ. ನನ್ನ ಉತ್ತರ 92. ಲೆಕ್ಕ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಚಾಚಾ 1.03 ಕ್ಯಾರೆಟ್ಟಿನದ್ದೇ ಬೇಕೆಂದು ಪಟ್ಟು ಹಿಡಿದರು. ಬಂಗಾರ ಕೊಂಡು ಕೊಂಡು ರೂಢಿಯಾದವರು ವಜ್ರವನ್ನೂ ಬಂಗಾರದಂತೆಯೇ ಕೊಳ್ಳುತ್ತಾರೆ. ಬಂಗಾರದಲ್ಲಿ ತೂಕ ಎಲ್ಲಿದ್ದರೂ ಬಂಗಾರವೇ. ವಜ್ರದಲ್ಲಿ ಕಾಣದ ತೂಕಕ್ಕೆ ದುಡ್ಡು ಕೊಟ್ಟರೆ ಅದು ಉಂಗುರದ ಒಳಗೆ ಅಡಗಿ ಕೂತಿರುತ್ತದೆ. ಇದನ್ನು ಚಾಚಾನಿಗೆ ನಾಲ್ಕು ಸಲ ಹೇಳಿದೆ. ಮೂರು ವಾರದಲ್ಲಿ ಅವರು ಬಂದದ್ದೂ ನಾಲ್ಕು ಸಲ. ಸ್ಕೇಲಿನಿಂದ ಅಳೆದು ತೋರಿಸಿದೆ. ಕಾಗದದ ಮೇಲೆ ಚಿತ್ರ ಬಿಡಿಸಿದೆ.

"ತೂಕ ಹೊಟ್ಟ್ಯಾಗ ಐತ್ರಿ ಚಾಚಾ, ಕಾಣಂಗಿಲ್ಲ."

"ಹೊಟ್ಟ್ಯಾಗರ ಇರಲಿ, ಬೆನ್ನಾಗರ ಇರಲಿ. ಮನೀಗಂತೂ ಬರ್ತೈತಲ್ಲ?"

ಇಮ್ತಿಯಾಜನನ್ನು ಕೇಳಿದರೆ ಕಾರಿನ ಕೀಲಿ ತಿರುವುತ್ತ, "ಚಾಚಾ ಹೇಳಿದಂಗ್ರಿ," ಎನ್ನುವನು. ಅವನು ಅಷ್ಟು ಹೇಳಿ ಮೊಬೈಲಿನಲ್ಲಿ ವಜ್ರದ ಬಗ್ಗೆ ಯಾರೋ ಮಾಡಿದ ವಿಡಿಯೊ ತೋರಿಸುವನು. ಒಂದರಲ್ಲಿ ಹೇಳಿದ್ದಕ್ಕೆ ಇನ್ನೊಂದರಲ್ಲಿ ಹೇಳಿದ್ದು ಕೂಡುತ್ತಿರಲಿಲ್ಲ. ನಮ್ಮ ಅಂಗಡಿಯ ಸಾವಕಾರರು ಗಲ್ಲಾದಿಂದಲೇ ಕೂಗಿದರು: "ಸುಜಾತಾ, ಗಿರಾಕಿ ತೂಕ ಕೇಳಿದ್ರ ತೂಕ ಕೊಡು. ಇಲ್ಲಿ ಸಾಲಿ ತಗೀಬ್ಯಾಡ." ಅತ್ತ ಸೂರತ್ತಿನವನು ಕಲ್ಲು ವಾಪಸು ಕೇಳುತ್ತಿದ್ದ. ಮಂಗಣಿಗೆ ಹನ್ನೆರಡು ದಿನ ಉಳಿದಿತ್ತು. ನನ್ನ ತಲೆ ಕೆಟ್ಟುಹೋಗಿತ್ತು. ಇಷ್ಟು ಓದಿದ್ದು ಒಂದು ಹೊಟ್ಟೆ ಬಂದ ಕಲ್ಲಿನ ಮುಂದೆ ಸೋಲುವುದಕ್ಕೇನು ಎನಿಸಿತು.

ಆಗ ಒಂದು ಫೋನ್ ಬಂತು.

"ಮೇಡಂ, ನಾ ನಸ್ರೀನ್ ಮಾತಾಡಾಕತ್ತೇನ್ರಿ, ಮೂಡಲಗಿಯಿಂದ. ಇಮ್ತಿಯಾಜ್ ಅವರ ಕಡೆಯಿಂದನ ನಿಮ್ಮ ನಂಬರ್ ತಗೊಂಡೆ. ಏನ ನಡದೈತ್ರಿ ಅಲ್ಲಿ?"

"ಕಲ್ಲ ಆರಿಸಾಕತ್ತೇವ್ರಿ," ಎಂದೆ.

"ಮೂರ ವಾರದಿಂದ? ಮೇಡಂ, ನಾ ಈ ಲಗ್ನದಾಗ ಕೇಳಿದ್ದು ಇದೊಂದ ರೀ. ಸೀರಿ ಕೇಳಿಲ್ಲ, ಬಂಗಾರ ಕೇಳಿಲ್ಲ. ಇದರಾಗೂ ಅವರ ಚಾಚಾಂದ ಮಾತ ನಡೀತೈತಿ ಅಂದ್ರ, ನಾಳೆ ನಾ ನೌಕರಿಗೆ ಹೋಗ್ತೇನಿ ಅಂದಾಗ ಯಾರ ಮಾತ ನಡೀತೈತಿ? ಮಂಗಣಿ ಆಗೂಕ್ಕಿಂತ ಮೊದಲ ಗೊತ್ತಾದ್ರ ಚೊಲೋ. ಆಮ್ಯಾಲೆ ಇಲ್ಲ ಅನ್ನಾಕ ಬರೂದಿಲ್ಲ."

ಇಷ್ಟು ದಿನ ನಾನು ಕಲ್ಲಿನ ಜಗಳ ಆಡುತ್ತಿದ್ದೇನೆ ಎಂದುಕೊಂಡಿದ್ದೆ. ಆ ಹುಡುಗಿ ಅತ್ತ ಕೂತು ತನ್ನ ಮುಂದಿನ ಬದುಕನ್ನು ಅದರಲ್ಲಿ ನೋಡುತ್ತಿದ್ದಳು. ಕೂಡಲೇ ಒಂದು ನೆಪ ಹೂಡಿದೆ. ಹಳೆಯ ಉಂಗುರದ ಅಳತೆ ನಂಬಲು ಬರುವುದಿಲ್ಲ, ಬೆರಳನ್ನೇ ಅಳೆಯಬೇಕು ಎಂದು ಎರಡೂ ಮನೆಗೆ ಹೇಳಿ ಕಳಿಸಿದೆ. ಅರ್ಧ ನಿಜ.

ಮರುದಿನ ನಸ್ರೀನ್ ತಾಯಿಯ ಜೊತೆ ಬಸ್ಸಿನಲ್ಲಿ ಬಂದಳು. ತಾಯಿ ಬಂಗಾರದ ಕೌಂಟರಿನಲ್ಲಿ ಬಳೆ ನೋಡುತ್ತ ನಿಂತರು. ನಸ್ರೀನ್ ಅರಭಾವಿಯಲ್ಲಿ ಸಸಿಗಳ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ಕೈಗೆ ರಬ್ಬರಿನ ಗ್ಲೌಸ್. ಎತ್ತರಕ್ಕೆ ಕೂರಿಸಿದ ಗುಂಡು ವಜ್ರ ಗ್ಲೌಸನ್ನು ಹರಿಯುತ್ತದೆ, ತಗ್ಗಾಗಿ ಕೂರಿಸಬಹುದಾದ ಚಪ್ಪಟೆ ಕಲ್ಲು ಬೇಕು, ಅದಕ್ಕೇ ಈ ಆಕಾರ ಕೇಳಿದ್ದು. ಇಷ್ಟು ಸರಳ. ಮೂರು ವಾರದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನನ್ನ 92 ಪಾಯಿಂಟಿನ ಕಲ್ಲನ್ನು ಸ್ಪ್ರಿಂಗ್ ಇರುವ ತಾತ್ಕಾಲಿಕ ಉಂಗುರಕ್ಕೆ ಸಿಕ್ಕಿಸಿ ಅವಳ ಬೆರಳಿಗೆ ಹಾಕಿದೆ. ಬಿಳಿ ದೀಪದ ಕೆಳಗೆ ಝಗಝಗ ಎಂದಿತು. "ನೋಡ್ರಿ," ಎಂದೆ, ಹೆಮ್ಮೆಯಿಂದ.

ಅವಳು ನಕ್ಕಳು. "ಈ ದೀಪದಾಗ ನಾನೂ ಚಂದ ಕಾಣ್ತೇನ್ರಿ. ಬಾಗಲತನ ಹೋಗಿ ನೋಡೂಣೇನು?"

ಬಿಡಿ ಕಲ್ಲು ಮೇಜು ಬಿಟ್ಟು ಹೋಗಬಾರದು ಎಂಬುದು ಅಂಗಡಿಯ ನಿಯಮ. ಸಾವಕಾರರ ಕಣ್ಣು ನನ್ನ ಬೆನ್ನ ಮೇಲೆ. ಅವಳ ಕೈಯ ಕೆಳಗೆ ನನ್ನ ಕೈ ಹಿಡಿದುಕೊಂಡೇ ಹೊಸ್ತಿಲಿನವರೆಗೆ ಹೋದೆ. ಹಗಲ ಬೆಳಕಿನಲ್ಲಿ ಅವಳು ಮುಖ ಬಗ್ಗಿಸಿ ನೋಡಿದೊಡನೆ ಕಲ್ಲಿನ ಒಂದು ಪಾಲು ಕಪ್ಪಾಯಿತು. ಮುಖ ಹಿಂದೆ ಸರಿಸಿದಳು, ಬೆಳಗಿತು. ಬಗ್ಗಿಸಿದಳು, ಮತ್ತೆ ಕಪ್ಪು.

"ಇದು ಮಾರಿ ಮುಚ್ಚಿಕೊಳ್ಳಾಕತ್ತೈತಿ ನೋಡ್ರಿ."

ನೋಡುವವರ ತಲೆ ಎದುರಿನ ಬೆಳಕನ್ನು ತಡೆಯುತ್ತದೆ. ಮೆಟ್ಟಿಲುಗಳ ಕೋನ ಸರಿಯಿದ್ದರೆ ಬದಿಯ ಬೆಳಕು ಆ ಕೊರತೆ ತುಂಬುತ್ತದೆ, ತಪ್ಪಿದ್ದರೆ ಕಲ್ಲು ಕಪ್ಪಾಗುತ್ತದೆ. ಆ ಕೋನಗಳನ್ನು ಆಳದ ಶೇಕಡಾವಾರು ಹೇಳುವುದಿಲ್ಲ. ಇದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಉತ್ತರ. ಆದರೂ ಮೂರು ವಾರ ದೀಪದ ಕೆಳಗೇ ಕೂತು ಅಂಕಿಗಳನ್ನು ನಂಬಿದ್ದೆ. ಕಷ್ಟಪಟ್ಟು ಓದಿದವರಿಗೆ ಕಾಗದದ ಮೇಲೆ ಬರೆದಿದ್ದರಲ್ಲಿ ಒಂದು ಕುರುಡು ಭಕ್ತಿ ಇರುತ್ತದೆ.

ಚಾಚಾನ ಕಲ್ಲನ್ನೂ ಹಾಕಿ ನೋಡಿದಳು. ಅದು ಬಾವಿಯಂತೆ ಕತ್ತಲು. "ಆ ಪುಡಿಕ್ಯಾಗ ಏನೈತ್ರಿ?" ಎಂದಳು. ನಾನು ಒಲ್ಲದ ಮನಸ್ಸಿನಿಂದ ಎಂಬತ್ತು ಪಾಯಿಂಟಿನದನ್ನು ತೆಗೆದೆ. ಹೊಸ್ತಿಲಲ್ಲಿ ಅವಳು ಕೈಯನ್ನು ನಿಧಾನ ತಿರುಗಿಸಿದಳು. ಬೆಳಕು ಒಂದೊಂದೇ ಮೆಟ್ಟಿಲು ಇಳಿಯಿತು, ಒಂದೂ ತಪ್ಪಲಿಲ್ಲ. ಮುಖ ಬಗ್ಗಿಸಿದಾಗಲೂ ಆರಲಿಲ್ಲ. ಲೂಪ್ ಹಿಡಿದೆ: ನಾಲ್ಕೂ ಮೂಲೆ ಸಮ, ಮೆಟ್ಟಿಲುಗಳು ಸಮಾನಾಂತರ, ತಳದ ಗೆರೆ ನಟ್ಟನಡುವೆ. ಎತ್ತರ 2.96 ಮಿಲಿಮೀಟರ್, ಗ್ಲೌಸಿಗೂ ತೊಂದರೆಯಿಲ್ಲ. ಅವಳ ಅಗಲ ಬೆರಳಿಗೆ ಆ ಚೌಕದತ್ತ ವಾಲಿದ ಆಕಾರವೇ ಒಪ್ಪುತ್ತಿತ್ತು.

"ಇದು," ಎಂದಳು. ಬೆಲೆ, ತೂಕ ಎರಡನ್ನೂ ಕೇಳಲಿಲ್ಲ.

ಎರಡು ದಿನದ ನಂತರ ಚಾಚಾ ಮತ್ತು ಇಮ್ತಿಯಾಜ್ ಬಂದರು. ಕಲ್ಲು ಮುಂದಿಟ್ಟು ತೂಕ ಹೇಳಿದೆ.

"ಎಂಬತ್ತ? ಹೋದ ಸಲಕ್ಕಿಂತ ಇಳದೇ ಬಿಟ್ರಲ್ಲ ಬಾಯಾರ! ಹುಕ್ಕೇರಿಯಾಗ ಎಷ್ಟರದು ಅಂತ ನನ್ನ ಕೇಳ್ತಾರ. ಏನ ಹೇಳಲಿ?"

"ಚಂದ ಐತಿ ಅಂತ ಹೇಳ್ರಿ."

"ಚಂದ ತೂಗಾಕ ತಕ್ಕಡಿ ಐತೇನ್ರಿ?"

ನೇರವಾಗಿ ಹೇಳಿಬಿಟ್ಟೆ: "ಇದನ್ನ ನಾ ಆರಿಸಿಲ್ರಿ. ನಸ್ರೀನ್ ಆರಿಸ್ಯಾರ. ನಾನ ಕರಸಿದ್ದೆ."

ಚಾಚಾ ಎದ್ದು ನಿಂತರು. ಅಳತೆಗೆ ಬಂದ ಹುಡುಗಿಗೆ ಕಲ್ಲು ತೋರಿಸುವ ಅಧಿಕಾರ ಕೊಟ್ಟವರು ಯಾರು ಎಂದು ಕೇಳಿದರು. ಸಾವಕಾರರು ಓಡಿ ಬಂದು, "ಸುಜಾತಾಗ ತಿಳೀಲಿಲ್ರಿ, ತಪ್ಪಾತು," ಎಂದು ನನ್ನ ಪರವಾಗಿ ನನ್ನನ್ನು ಕೇಳದೆಯೇ ಕ್ಷಮೆ ಬೇಡಿದರು. ಚಾಚಾ, "ಏಳೋ ಇಮ್ತಿಯಾಜ್, ಬೆಳಗಾವಿಗೆ ಹೋಗೂಣು," ಎಂದರು.

ಇಮ್ತಿಯಾಜ್ ಏಳಲಿಲ್ಲ. ಕೀಲಿಯನ್ನು ಮೇಜಿನ ಮೇಲಿಟ್ಟ.

"ಚಾಚಾ, ಆಕಿ ಒಂದ ಕೇಳ್ಯಾಳ. ಅದನ್ನ ನಾವೆಲ್ಲಾ ಕೂಡಿ ತೂಗಾಕ ಇದೇನ ಬೆಲ್ಲದ ಪೆಂಟಿ ಅಲ್ಲ. ನಾ ಇದನ್ನ ತಗೊಂಡ ಬರ್ತೇನಿ. ನೀವ ಗಾಡ್ಯಾಗ ಕುಂದರ್ರಿ."

ಮೂರು ವಾರದಲ್ಲಿ ಅವನ ಬಾಯಿಂದ ಕೇಳಿದ ಮೊದಲ ಪೂರ್ತಿ ಮಾತು ಅದು. ಚಾಚಾ ಹೋಗಿ ಕೂತರು. ಹತ್ತು ನಿಮಿಷದ ಮೇಲೆ ತಾವೇ ತಿರುಗಿ ಬಂದು, ಉಂಗುರಕ್ಕೆ ಬಂಗಾರ ಎಷ್ಟು ಹಾಕುತ್ತೀರಿ ಎಂದರು. ಕಲ್ಲೂ ಸೇರಿ ನಾಲ್ಕು ಗ್ರಾಂ ಎಂದೆ. ಕಣ್ಣು ಮುಚ್ಚಿ ಲೆಕ್ಕ ಹಾಕಿದರು.

"ಗ್ರಾಮಿಗೆ ಐದ ಕ್ಯಾರೆಟ್ ಅಂದಿದ್ರಿ. ಅಂದ್ರ ಉಂಗುರ ಇಪ್ಪತ್ತ ಕ್ಯಾರೆಟ್ ಆತು. ಹುಕ್ಕೇರಿಯಾಗ ಹಂಗ ಹೇಳ್ತೇನಿ."

ನನಗೆ ವಾದಿಸುವ ಶಕ್ತಿ ಉಳಿದಿರಲಿಲ್ಲ. "ಹೇಳ್ರಿ," ಎಂದೆ.

ಸಂಜೆ ನಸ್ರೀನಳ ಫೋನ್. ಕಲ್ಲಿನ ಸುದ್ದಿಯನ್ನೇ ಎತ್ತಲಿಲ್ಲ. "ಅವರ ಏನಂದ್ರು? ಒಂದ ಶಬ್ದಾನೂ ಬಿಡಬ್ಯಾಡ್ರಿ," ಎಂದಳು. ಇಮ್ತಿಯಾಜ್ ಹೇಳಿದ್ದನ್ನು ಹಾಗೆಯೇ ಒಪ್ಪಿಸಿದೆ, ಬೆಲ್ಲದ ಪೆಂಟಿಯ ಸಮೇತ. ಕೇಳಿ ಮುಗಿಸಿ, "ಸಾಕ ಮೇಡಂ. ಇನ್ನ ಅದು ಗಾಜಾದ್ರೂ ನಡೀತೈತಿ," ಎಂದಳು.

ಗಾಜಾದರೂ ನಡೆಯುತ್ತದಂತೆ! ಮೂರು ವಾರ ಕಣ್ಣು ಹಾಳು ಮಾಡಿಕೊಂಡು, ಸೂರತ್ತಿನವನಿಂದ ಬೈಸಿಕೊಂಡು, ಸಾವಕಾರರ ಮುಂದೆ ತಲೆ ತಗ್ಗಿಸಿ ನಿಂತವಳಿಗೆ ಸಿಕ್ಕ ಮಾತು ಇದು. ಸಿಟ್ಟೂ ಬಂತು, ನಗುವೂ ಬಂತು. ಈಗ ಯಾರಾದರೂ ವಜ್ರ ಕೇಳಿ ಬಂದರೆ ನಾನು ಪುಡಿಕೆ ಬಿಚ್ಚುವ ಮೊದಲು, ತೊಡುವವರು ಯಾರು, ಅವರೇಕೆ ಬಂದಿಲ್ಲ ಎಂದು ಕೇಳುತ್ತೇನೆ. ಅಂಕಿಗಳು ಕೆಟ್ಟ ಕಲ್ಲನ್ನು ತಳ್ಳಿಹಾಕಲು ಬೇಕು. ಒಳ್ಳೆಯದನ್ನು ಆರಿಸಲು ಬೇಕಾದದ್ದು ಹಗಲ ಬೆಳಕು, ಮತ್ತು ಅದನ್ನು ದಿನಾ ನೋಡಬೇಕಾದವರ ಕಣ್ಣು. ಡಿಪ್ಲೊಮಾ ಈ ಮಾತಿನ ಅರ್ಧವನ್ನಷ್ಟೇ ಕಲಿಸಿತ್ತು. ಉಳಿದರ್ಧವನ್ನು ಕಲಿಯಲು ನಾನು ಮೂರು ವಾರ ತೆಗೆದುಕೊಂಡೆ ಎಂಬುದಕ್ಕೆ ಚಾಚಾನನ್ನು ದೂರಲು ಬರುವುದಿಲ್ಲ.