ಬಿಸಿಯಾಗುವ ಮೊದಲು ನೋಡಿದ ಜೀಪು

ಅಕ್ಕನಿಗೆ ಜೀಪು ಬೇಕಾದದ್ದು ಕೆಸರಿಗಾಗಿ. ಅವಳು ಡಾಕ್ಟರು, ಜಯನಗರದ ನಮ್ಮ ಮನೆಯ ಮುಂದಿನ ಕೋಣೆಯೇ ಕ್ಲಿನಿಕ್. ಪುಟ್ಟೇನಹಳ್ಳಿ ಕೆರೆ ದಾಟಿದ ಮೇಲೆ ಆಗ ಇದ್ದದ್ದು ಎತ್ತಿನಗಾಡಿಯ ಜಾಡು ಮಾತ್ರ. ಹೆರಿಗೆಗೆ ಕರೆ ಬಂದರೆ ಜಟಕಾದವನು ಕೆರೆ ಏರಿಯಲ್ಲೇ ಇಳಿಸಿಬಿಡುತ್ತಿದ್ದ. ಒಂದು ಮಳೆಗಾಲ ಅವಳು ನಡೆದು ಅರೆಕೆರೆ ಮುಟ್ಟುವಷ್ಟರಲ್ಲಿ ಬಾಣಂತಿ ತೀರಿಕೊಂಡಿದ್ದಳು. ಅದನ್ನು ನಮಗೆ ಹೇಳಿದವರು ಬೇರೆಯವರು. ಅಕ್ಕ ಅನ್ನಕ್ಕೆ ಮಜ್ಜಿಗೆ ಕಲಸಿಕೊಳ್ಳುತ್ತಾ, "ಒಂದು ಜೀಪ್ ನೋಡ್ಬೇಕು. ದಾರೀಲಿ ನಿಲ್ಲದೇ ಇರೋಂಥದ್ದು" ಅಂದಳು, ಅಷ್ಟೆ.

ಬನಶಂಕರಿ ದೇವಸ್ಥಾನದ ಆಚೆ, ರಾಗಿ ಬೆಳೆಯುವುದನ್ನು ಬಿಟ್ಟಿದ್ದ ಒಬ್ಬ ಯಜಮಾನರು ತಮ್ಮ ಹೊಲದಲ್ಲಿ ಮಿಲಿಟರಿ ಹರಾಜಿನ ಹಳೇ ಜೀಪುಗಳನ್ನು ನಿಲ್ಲಿಸಿಕೊಂಡು ಮಾರುತ್ತಿದ್ದರು. ಶನಿವಾರ ಹತ್ತು ಗಂಟೆಗೆ ಬರಲು ಹೇಳಿದ್ದರು.

"ರಾಹುಕಾಲದಲ್ಲಿ ಹೋಗ್ತೀರಾ?" ಎಂದಳು ಅಮ್ಮ. "ಒಂಬತ್ತರೊಳಗೆ ನೋಡ್ಕೊಂಡು ಬನ್ನಿ."

"ಬರೀ ನೋಡೋದಮ್ಮ. ಕೊಳ್ಳೋದು ಆಮೇಲೆ," ಅಂದೆ ನಾನು.

"ಹುಡುಗಿ ನೋಡೋಕ್ಕೂ ಹೊತ್ತು ನೋಡ್ಕೊಂಡೇ ಹೋಗೋದು. ನಿನಗೇನು ಗೊತ್ತು?"

ಅವಳ ಜೊತೆ ವಾದ ಮಾಡುವುದಕ್ಕಿಂತ ಬೇಗ ಹೊರಡುವುದೇ ಸುಲಭವಾಗಿತ್ತು.

ಆ ಬೆಳಿಗ್ಗೆ ಮಂಜಿತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ಮಂಜು ನೆನಪಿಲ್ಲ. ನೆನಪಿರುವುದು ಯಜಮಾನರ ಬಾಯಲ್ಲಿದ್ದ ಬೇವಿನ ಕಡ್ಡಿ, ನಮ್ಮನ್ನು ಕಂಡು ಅದು ಅಲ್ಲಾಡದೆ ನಿಂತದ್ದು.

"ಹತ್ತಕ್ಕಲ್ವಾ ಡಾಕ್ಟ್ರಮ್ಮ ಹೇಳಿದ್ದು? ಕೂತ್ಕೊಳ್ಳಿ, ಕಾಫಿ ಕುಡೀರಿ. ಅಷ್ಟರಲ್ಲಿ ಗಾಡಿ ಬಿಸಿ ಮಾಡಿಟ್ಬಿಡ್ತೀನಿ."

"ಬೇಡಿ ಯಜಮಾನ್ರೆ. ತಣ್ಣಗಿರೋವಾಗ್ಲೇ ನೋಡೋಣ."

ಅವರು ತೋರಿಸಿದ ಜೀಪಿನ ಬಾನೆಟ್ ಮೇಲೆ ಅಕ್ಕ ಅಂಗೈ ಇಟ್ಟಳು. ನಮ್ಮ ನೆಂಟರ ಬಾಯಲ್ಲಿ ಈಗ ಈ ಕಥೆಗೆ ಸ್ಟೆತಾಸ್ಕೋಪ್ ಬಂದಿದೆ. ಅವಳು ಅದನ್ನು ಇಂಜಿನ್ನಿಗಿಟ್ಟು ಆಲಿಸಿದಳಂತೆ. ನಾನು ಪಕ್ಕದಲ್ಲೇ ಇದ್ದೆ. ಬರೀ ಅಂಗೈ.

ಹೊಸದಾಗಿ ಹಸಿರು ಬಣ್ಣ ಬಳಿದಿದ್ದ ಜೀಪಿಗೆ ಯಜಮಾನರು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದರು. ತಿರುಗಿಸಿದರು, ಬೆವರೊರೆಸಿಕೊಂಡರು, ಮತ್ತೆ ತಿರುಗಿಸಿದರು. ಕೊನೆಗೆ ಅದು ಎದ್ದಾಗ ಹಿಂದೆ ನೀಲಿ ಹೊಗೆ ಹೊಲದ ತುಂಬಾ ಹರಡಿತು. ಅಕ್ಕ ಇಂಜಿನ್ ಮೇಲೆ ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದಳು. ಅಲ್ಲಿಂದಲೂ ಬುಸುಬುಸು ಹೊಗೆ. ಮೇಲೆ ಹಿಡಿದ ಅವಳ ಅಂಗೈ ಎಣ್ಣೆಯಿಂದ ಹೊಳೆಯಿತು.

"ಒಳಗೆಲ್ಲಾ ಸವೆದಿದೆ," ಅಂದಳು.

"ಸ್ವಲ್ಪ ಕೆಮ್ಮು. ಬಿಸಿಯಾದ್ರೆ ಹೋಗುತ್ತೆ."

"ಅದಕ್ಕೇನಾ ಹತ್ತಕ್ಕೆ ಬನ್ನಿ ಅಂದಿದ್ದು?"

ಯಜಮಾನರು ಬೇವಿನ ಕಡ್ಡಿ ಉಗಿದು ನಕ್ಕರು. "ಬಿಡಿ, ನಿಮ್ ಹತ್ರ ಕಾಯಿಲೆಯೋರೂ ಸುಳ್ಳು ಹೇಳೋಕಾಗಲ್ಲ."

ಅಮ್ಮನ ಪಂಚಾಂಗ ಗೆದ್ದಿತು ಎಂದು ಇಲ್ಲಿ ಬರೆಯಬಹುದು. ನನಗೆ ಮನಸ್ಸಿಲ್ಲ. ತಣ್ಣಗಿದ್ದ ಇಂಜಿನ್ ಯಾರಿಗಾಗಿಯೂ ಕಾಯುತ್ತಿರಲಿಲ್ಲ. ನಾವು ಹೋದಾಗ ಅದು ತಣ್ಣಗಿತ್ತು, ಅಷ್ಟೆ.

ಇನ್ನೊಂದು ಜೀಪು ಬೇಲಿಯ ಪಕ್ಕದಲ್ಲಿತ್ತು. ನೆಗ್ಗಿದ ಮೂತಿ, ತೆಂಗಿನ ಹಗ್ಗದಲ್ಲಿ ಕಟ್ಟಿದ ಬಾನೆಟ್.

"ಅದು ನಿಮ್ಮಂಥೋರು ಕೂರೋ ಗಾಡಿಯಲ್ಲಮ್ಮ. ನಮ್ಮ ಕೋಳಿಗಳು ಮಲಗ್ತವೆ."

"ಕೋಳಿಗಳನ್ನ ಸ್ವಲ್ಪ ಎಬ್ಬಿಸಿ."

ಈ ಸಲ ಹ್ಯಾಂಡಲ್ ನನ್ನ ಕೈಗೆ ಬಂತು. ಮೊದಲ ಸುತ್ತಿನಲ್ಲಿ ಭಾರವಾಗಿ ಎದುರು ನಿಂತಿತು, ಒಳಗೆ ಯಾರೋ ಹಿಡಿದುಕೊಂಡ ಹಾಗೆ. ಮತ್ತೊಮ್ಮೆ ಎಳೆದೆ. ಎದ್ದಿತು. ಹೊಗೆಯಿಲ್ಲ, ಅರಚಾಟವಿಲ್ಲ. ಸೀಟಿನ ಮೇಲೆ ಉಳಿದಿದ್ದ ಒಂದು ಕೋಳಿಪುಕ್ಕ ಸಣ್ಣಗೆ ನಡುಗತೊಡಗಿತು. ಯಾವ ಯುದ್ಧಕ್ಕೋ ಯಾರೋ ಮಾಡಿದ ಕಬ್ಬಿಣ, ವರ್ಷಗಟ್ಟಲೆ ಒದೆ ತಿಂದು ಕೋಳಿಗೂಡಾಗಿದ್ದದ್ದು, ಹೀಗೆ ಉಸಿರಾಡುತ್ತದೆಂದು ನಾನು ಎಣಿಸಿರಲಿಲ್ಲ. ಅಕ್ಕ ಮುಚ್ಚಳ ತೆಗೆದು ಆ ಬಾಯಿಯ ಮೇಲೆ ಅಂಗೈ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ನನಗೆ ತೋರಿಸಿದಳು. ಬೆವರು ಬಿಟ್ಟರೆ ಏನೂ ಇರಲಿಲ್ಲ.

ಮಳೆ ಹಿಡಿದ ಮೇಲೆ ಹುಳಿಮಾವಿನಿಂದ ಕರೆ ಬಂತು. ಮಧ್ಯಾಹ್ನವೇ ಕತ್ತಲು ಕವಿದಿತ್ತು. ಗಾಡಿಜಾಡಿನಲ್ಲಿ ನೀರು ಹರಿಯುತ್ತಿತ್ತು. ನಾಲ್ಕೂ ಚಕ್ರಕ್ಕೆ ಎಳೆತ ಬರುವ ಗೇರು ಹಾಕಿದೆ. ಕೋಳಿಗೂಡಾಗಿದ್ದ ಜೀಪು ಅವಸರವಿಲ್ಲದೆ, ಎಮ್ಮೆ ಕೆರೆಗಿಳಿದು ಆಚೆ ಏರುವ ಹಾಗೆ ಹೋಯಿತು.

"ಆಫ್ ಮಾಡ್ಬೇಡ," ಎಂದು ಅಕ್ಕ ಚೀಲ ಹಿಡಿದು ಮನೆಯೊಳಗೆ ನುಗ್ಗಿದಳು. "ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾಗಬಹುದು."

ನಾನು ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟು ಕೂತೆ. ಮಳೆ, ಹೊಗೆಗೂಡಿನ ವಾಸನೆ, ನನ್ನ ಕಾಲ ಕೆಳಗೆ ಒಂದು ಸಲವೂ ತಪ್ಪದ ಆ ಬಡಿತ. ಎಷ್ಟು ಹೊತ್ತೋ. ಬಾಗಿಲಲ್ಲಿ ಅಕ್ಕ ಕಾಣಿಸಿಕೊಂಡು, ಇನ್ನು ನಿಲ್ಲಿಸು ಎಂದು ಕೈ ಆಡಿಸಿದಳು. ಮಗು ಅತ್ತದ್ದು ನನಗೆ ಕೇಳಿರಲಿಲ್ಲ. ಕೀಲಿ ತಿರುಗಿಸಿದ ಮೇಲೇ ಕೇಳಿಸಿತು.